ಕಾಲು ಅಗಲ, ಶೂ ಚೂಪು: ತಪ್ಪು ಯಾರದ್ದು?

1/5
ಅಕೌಂಟೆನ್ಸಿ ನೋಟ್‌ಬುಕ್ಕಿಂದ ಒಂದು ಹಾಳೆ ಹರೀರಿ. ನೆಲದ ಮೇಲಿಟ್ಟು, ಬರಿಗಾಲಲ್ಲಿ ಅದರ ಮೇಲೆ ನಿಂತು, ಪಾದದ ಸುತ್ತ ಪೆನ್ಸಿಲಲ್ಲಿ ಗೆರೆ ಎಳೀರಿ. ಈಗ ಆ ಗೆರೆಯ ಮೇಲೆ ನಿಮ್ಮ ಕಾಲೇಜ್ ಶೂ ಇಡಿ. ಬೆರಳುಗಳ ಹತ್ರ ಗೆರೆ ಹೊರಗೆ ಕಾಣ್ತಾ ಇದೆಯಾ? ಆ ಹೊರಗುಳಿದ ಭಾಗ ದಿನಾ ಏಳೆಂಟು ಗಂಟೆ ಶೂ ಒಳಗೆ ಒತ್ತಿಕೊಂಡು ಕೂತಿರುತ್ತೆ. ಪಾಪ ಕಿರುಬೆರಳು, ಅದಕ್ಕೆ ಬಾಯಿಲ್ಲ.

ಎಳೆ ಮಗುವಿನ ಪಾದ ನೋಡಿ, ಬೆರಳುಗಳ ಹತ್ರಾನೇ ಅತಿ ಅಗಲ. ಶೂ ಅಂಗಡಿ ಶೋಕೇಸ್ ನೋಡಿ, ಅಲ್ಲೇ ಅತಿ ಕಿರಿದು. ಆಮೇಲೆ ಅಂಗಡಿಯವರು ಹೇಳೋದು "ಹಾಕ್ತಾ ಹಾಕ್ತಾ ಸೆಟ್ ಆಗುತ್ತೆ" ಅಂತ. ಸೆಟ್ ಆಗೋದು ಶೂ ಅಲ್ಲ ಸ್ವಾಮಿ, ಕಾಲು.

2/5
ಹೌದು, ನೀವು "ಬಾತುಕೋಳಿ ಕಾಲು" ಅಂತ ಆಡಿಕೊಳ್ಳೋ ನನ್ನ ಶೂ ಬೇರ್‌ಫುಟ್ ಶೂ. (ಬರಿಗಾಲು ಶೂ! ಹೆಸರೇ ಸಕ್ಕರೆ ಇಲ್ಲದ ಜಿಲೇಬಿ ಥರ ಇದೆ, ಒಪ್ತೀನಿ.) ಇದರಲ್ಲಿ ಮಂತ್ರ ಏನಿಲ್ಲ. ಬೆರಳು ಹರಡೋಕೆ ಜಾಗ ಇರಬೇಕು, ಹಿಮ್ಮಡಿ ಮತ್ತು ಮುಂಗಾಲು ಒಂದೇ ಎತ್ತರದಲ್ಲಿ ಇರಬೇಕು, ಅಡಿ ತೆಳ್ಳಗಿದ್ದು ಕೈಯಲ್ಲಿ ಚಪಾತಿ ಥರ ಸುರುಳಿ ಸುತ್ತೋಕೆ ಬರಬೇಕು. ಮಾಮೂಲಿ ರನ್ನಿಂಗ್ ಶೂಗಳಲ್ಲಿ ಹಿಮ್ಮಡಿ ಮುಂಭಾಗಕ್ಕಿಂತ 8ರಿಂದ 12 ಮಿಲಿಮೀಟರ್ ಎತ್ತರ ಇರೋದು ಸಾಮಾನ್ಯ. ಹೈ ಹೀಲ್ಸ್ ಹಾಕೋರನ್ನ ನೋಡಿ ನಗೋ ಹುಡುಗರೇ, ನೀವೂ ಸಣ್ಣ ಹೀಲ್ಸ್ ಮೇಲೇ ಓಡಾಡ್ತಿದ್ದೀರಿ.

"ಇದೆಲ್ಲಾ ಫಾರಿನ್ ಫ್ಯಾಷನ್" ಅಂತೀರಾ? ಹಾಗಾದ್ರೆ ಮಣಿಪಾಲಕ್ಕೆ ಬನ್ನಿ. ಅಲ್ಲಿನ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ರಾವ್ ಮತ್ತು ಬೆಂಜಮಿನ್ ಜೋಸೆಫ್ ಅನ್ನೋ ವೈದ್ಯರು 4ರಿಂದ 13 ವರ್ಷದ ಸುಮಾರು 2,300 ಮಕ್ಕಳ ಹೆಜ್ಜೆಗುರುತು ತಗೊಂಡು 1992ರಲ್ಲಿ ಅಧ್ಯಯನ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಇದ್ದದ್ದು 8.6%. ಹಾಕದವರಲ್ಲಿ 2.8%. ಅದರಲ್ಲೂ ಮುಂಭಾಗ ಮುಚ್ಚಿದ ಶೂ ಹಾಕುವವರಲ್ಲಿ ಅತಿ ಹೆಚ್ಚು, ಚಪ್ಪಲಿ-ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಇದೊಂದೇ ಅಧ್ಯಯನದಿಂದ ಎಲ್ಲಾ ಸಾಬೀತಾಯ್ತು ಅಂತ ನಾನು ಹೇಳಲ್ಲ. ಆದರೆ ಯುಕೆಜಿ ಮಗುವಿಗೆ ಬಿಗಿ ಕಪ್ಪು ಶೂ ಕಡ್ಡಾಯ ಮಾಡೋ ಶಾಲೆಗಳು ಇದನ್ನ ಒಂದು ಸಲ ಓದಬೇಕಿತ್ತು. ಓದಿಲ್ಲ.

3/5
ಈಗ ನನ್ನ ಪಾರ್ಟಿಯವರಿಗೇ ಸ್ವಲ್ಪ ಬೈತೀನಿ. ಕಂಪನಿಗಳು ಮೊದಲು ಕುಶನ್ ಮಾರಿದವು. ಈಗ ಕುಶನ್ ತೆಗೆದು ಅದಕ್ಕಿಂತ ಜಾಸ್ತಿ ರೇಟಿಗೆ ಮಾರ್ತಿವೆ. ಬಿಕಾಂ ಓದ್ತಿದ್ದೀರಲ್ಲ, ಒಂದು ಕಾಸ್ಟ್ ಶೀಟ್ ಹಾಕಿ ನೋಡಿ: ಮೆಟೀರಿಯಲ್ ಕಡಿಮೆ, ಸೆಲ್ಲಿಂಗ್ ಪ್ರೈಸ್ ಡಬಲ್. ಹೊರದೇಶದಿಂದ ತರಿಸಿದರೆ ಹತ್ತು ಸಾವಿರ ದಾಟೋ ಜೋಡಿಗಳಿವೆ. ಐದು ಬೆರಳಿನ ಶೂ ಮಾಡೋ ವೈಬ್ರಮ್ ಕಂಪನಿ "ಪಾದದ ಸ್ನಾಯು ಗಟ್ಟಿಯಾಗುತ್ತೆ" ಅಂತ ಜಾಹೀರಾತು ಮಾಡಿತ್ತು. ಅದಕ್ಕೆ ಅಮೆರಿಕದಲ್ಲಿ ಕೇಸ್ ಬಿತ್ತು. 2014ರಲ್ಲಿ 37.5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು, ತಪ್ಪು ಮಾತ್ರ ಒಪ್ಪಿಕೊಳ್ಳಲಿಲ್ಲ. ಹಾಗಾಗಿ ಇನ್‌ಫ್ಲುಯೆನ್ಸರ್ ಯಾರಾದ್ರೂ "ಈ ಶೂ ಹಾಕಿದ್ರೆ ಬೆನ್ನುನೋವು ಮಾಯ" ಅಂದ್ರೆ ಸ್ಕ್ರೋಲ್ ಮಾಡಿ ಮುಂದೆ ಹೋಗ್ತಾ ಇರಿ.

ದುಬಾರಿ ಜೋಡಿನೇ ಬೇಕು ಅಂತಿಲ್ಲ. ಅಗಲ ಮೂತಿ, ಸಪಾಟು ಅಡಿ ಇರೋ ಕ್ಯಾನ್ವಾಸ್ ಶೂ ಸಿಕ್ಕಿದ್ರೆ ಅರ್ಧ ಕೆಲಸ ಮುಗೀತು. ಅಂಗಡಿಗೆ ಆ ಗೆರೆ ಎಳೆದ ಹಾಳೆ ತಗೊಂಡೇ ಹೋಗಿ. ನಗ್ತಾರೆ, ನಗಲಿ.

ಇನ್ನೊಂದು ಮಾತು: ಇವತ್ತು ತಗೊಂಡು ನಾಳೆ ಐದು ಕಿಲೋಮೀಟರ್ ಓಡಬೇಡಿ. ಇಷ್ಟು ವರ್ಷ ಸುಮ್ಮನೆ ಕೂತಿದ್ದ ಮೀನಖಂಡ ಕಿರುಚುತ್ತೆ, ಪಾದದ ಮೂಳೆಗೂ ಪೆಟ್ಟಾಗಬಹುದು. ಮನೆಯೊಳಗೆ, ಆಮೇಲೆ ಹಾಲು ತರೋಕೆ, ಆಮೇಲೆ ಕಾಲೇಜಿಗೆ. ತಿಂಗಳುಗಟ್ಟಲೆ ಹಿಡೀಲಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋಗಿರೋ ಅಜ್ಜ-ಅಜ್ಜಿಗೆ ಇದು ಬೇಡವೇ ಬೇಡ. ಅವರಿಗೆ ಡಾಕ್ಟರ್ ಹೇಳೋ ಮೆತ್ತನೆ ಎಂಸಿಆರ್ ಚಪ್ಪಲಿಯೇ ಸರಿ. ಮೇ ತಿಂಗಳ ಕಲಬುರಗಿ ಟಾರ್ ರೋಡಿಗೂ ತೆಳು ಅಡಿ ಒಗ್ಗಲ್ಲ, ಸುಡುತ್ತೆ. ಮಲೆನಾಡಿನ ಕಾಲುದಾರಿಗೆ ಮಾತ್ರ ಬೊಂಬಾಟ್. ಕೊಡಚಾದ್ರಿಯ ಒದ್ದೆ ಬಂಡೆ ಮೇಲೆ ಕಾಲು ಜಾರದಂಗೆ ಹಿಡಿಯೋದು ಅಡಿಯ ರಬ್ಬರಿನ ಗುಣ, ಅಡಿಯ ದಪ್ಪ ಅಲ್ಲ. ಉಂಬಳ ಅಂತೂ ಯಾವ ಶೂಗೂ ಮರ್ಯಾದೆ ಕೊಡಲ್ಲ.

4/5
ಹಿಂದಿನ ಪೋಸ್ಟ್‌ಗೆ ಒಬ್ಬ ಸೀನಿಯರ್ ಹಾಕಿದ ಕಮೆಂಟ್: "ನಮ್ಮಪ್ಪ ಬರಿಗಾಲಲ್ಲಿ ನಡೆದಿದ್ದು ಗತಿಯಿಲ್ಲದೆ. ನಿಂಗೆ ಅದು ಶೋಕಿ." ಬಂದ ಟೀಕೆಗಳಲ್ಲಿ ನಾನು ತಲೆಬಾಗೋದು ಇದೊಂದಕ್ಕೆ. ಮೇಲ್ಜಾತಿಯವರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೀಬೇಕು ಅಂತ ದಲಿತರನ್ನ ಅವಮಾನಿಸಿದ ನಾಡು ಇದು. ಚಪ್ಪಲಿ ಮೆಟ್ಟೋದು ಇಲ್ಲಿ ಹಕ್ಕು. ಬರಿಗಾಲಿನ ಮಣ್ಣಿಂದ ಕೊಕ್ಕೆಹುಳು ಮೈಸೇರುತ್ತೆ, ಗದ್ದೆಯಲ್ಲಿ ಹಾವಿದೆ, ಮುಳ್ಳಿದೆ. ಅದಕ್ಕೇ ಅಣ್ಣಾ, ನಾನು ಚಪ್ಪಲಿ ಬಿಡಿ ಅಂತ ಎಲ್ಲೂ ಹೇಳಿಲ್ಲ. ಪಾದದ ಆಕಾರಕ್ಕೆ ಹೊಂದೋ ಪಾದರಕ್ಷೆ ಎಲ್ಲರಿಗೂ, ಕೈಗೆಟುಕೋ ಬೆಲೆಗೆ ಸಿಗಬೇಕು ಅಂತಿದ್ದೀನಿ. ನಿಮ್ಮಪ್ಪ ಕಷ್ಟಪಟ್ಟು ದುಡಿದು ಕೊಡಿಸಿದ ಶೂ ನಿಮ್ಮ ಕಿರುಬೆರಳನ್ನ ಯಾಕೆ ಹಿಂಡಬೇಕು ಅನ್ನೋದೇ ನನ್ನ ಪ್ರಶ್ನೆ.

5/5
ನಮ್ಮ ಕಾಲೇಜಿನ ವಿಷಯ. ಪ್ರೆಸೆಂಟೇಷನ್ ದಿನ "ಫಾರ್ಮಲ್ ಶೂ ಇಲ್ಲದಿದ್ರೆ ಮಾರ್ಕ್ಸ್ ಕಟ್" ಅಂತ ನೋಟಿಸ್ ಬೋರ್ಡಲ್ಲಿದೆ. ನನ್ನ ಕಪ್ಪು, ಲೇಸ್ ಇರೋ, ಪಾಲಿಷ್ ಮಾಡಿದ ಶೂ ನೋಡಿ "ಮೂತಿ ಅಗಲ ಇದೆ, ಇದು ಫಾರ್ಮಲ್ ಅಲ್ಲ" ಅಂದರು. ವರ್ಕಿಂಗ್ ಕ್ಯಾಪಿಟಲ್ ಬಗ್ಗೆ ಮಾತಾಡೋಕೆ ಚೂಪು ಮೂತಿ ಯಾಕೆ ಬೇಕು? ಎರಡು ದಿನದ ಹಿಂದೆ ಕ್ಲಾಸಿನ ಹುಡುಗಿಯೊಬ್ಬಳು ಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಅದೇ ಬಿಗಿ ಶೂನಲ್ಲಿ ನಿಂತು ಸೆಮಿನಾರ್ ಕೊಟ್ಟಳು. ಶಿಸ್ತಿಗೆ ಫುಲ್ ಮಾರ್ಕ್ಸ್.

ಪ್ರಿನ್ಸಿಪಾಲರಿಗೆ ಅರ್ಜಿ ಬರೆದಿದ್ದೀನಿ. ಕೇಳಿರೋದು ಒಂದೇ: ಬಣ್ಣ ಕಪ್ಪು ಇರಲಿ, ಆಕಾರ ನಮಗೆ ಬಿಡಿ. ಸೋಮವಾರ ಮಧ್ಯಾಹ್ನ ಕ್ಯಾಂಟೀನ್ ಪಕ್ಕದ ಕಲ್ಲುಬೆಂಚಿನ ಹತ್ರ ಇರ್ತೀನಿ. ಸಹಿ ಹಾಕೋರು ಪಾದದ ಗೆರೆ ಎಳೆದ ಹಾಳೆನೂ ತನ್ನಿ, ಎಲ್ಲಾ ಸೇರಿಸಿ ಅರ್ಜಿಗೆ ಪಿನ್ ಮಾಡ್ತೀನಿ. ಹೆಸರು ಬರೀಬೇಡಿ, ಶೂ ಸೈಜ್ ಬರೆದ್ರೆ ಸಾಕು.

#ಬೆರಳಿಗೂಜಾಗಕೊಡಿ #ಬಿಕಾಂಬಾತುಕೋಳಿ