ಬೆಳ್ಳಿಯ ಪದಕ

ವಂಗದೇಶದ ಹೈಮವತೀ ಸೇನರ ಆತ್ಮಚರಿತ್ರೆಯನ್ನು ಓದಿ ನಾವು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆವು. ಮನೆಯ ಗಂಡುಮಕ್ಕಳ ಪಾಠವನ್ನು ಕೇಳಿ ಕೇಳಿಯೇ ಅವರು ಅಕ್ಷರ ಕಲಿತದ್ದು. ಒಂಬತ್ತು ದಾಟುತ್ತಲೇ ನಲವತ್ತೈದರ ವರನೊಡನೆ ಲಗ್ನ, ಅಚಿರಕಾಲದಲ್ಲಿಯೇ ವೈಧವ್ಯ. ತವರಿನಲ್ಲಿಯೂ ನೆಲೆಯಿಲ್ಲದೆ ಕಾಶಿಗೆ ಹೋದರು. ಮುಂದೆ ಬ್ರಾಹ್ಮಸಮಾಜದವರ ನೆರವಿನಿಂದ ಪುನರ್ವಿವಾಹವಾಯಿತು. ಪತಿಯ ಸಂಪಾದನೆ ಮಾತ್ರ ಅಷ್ಟಕ್ಕಷ್ಟೆ. ಸಂಸಾರವನ್ನು ಹೊತ್ತುಕೊಂಡೇ ಕಲ್ಕತ್ತೆಯ ಕ್ಯಾಂಬೆಲ್ ವೈದ್ಯಕೀಯ ಶಾಲೆಯಲ್ಲಿ ಓದಿ ಪರೀಕ್ಷೆಯಲ್ಲಿ ಮೊದಲಿಗರಾದರು. ಚಿನ್ನದ ಪದಕ ಹೆಂಗಸಿಗೆ ಸಲ್ಲಬಾರದೆಂದು ಗಂಡು ವಿದ್ಯಾರ್ಥಿಗಳು ಗದ್ದಲವೆಬ್ಬಿಸಿದರು. (ವಿದ್ಯಾವಂತರ ಔದಾರ್ಯವೆಂದರೆ ಇದು!) ಈಕೆ ಬೆಳ್ಳಿಯ ಪದಕಕ್ಕೆ ಒಪ್ಪಿಕೊಂಡರು. ಒಪ್ಪಬಾರದಿತ್ತೆಂದು ನಮ್ಮ ಮನೆಯಾಕೆ ಮುನಿದರು; ಹಾಗೆ ಮುನಿಯುವುದು ಹೊಟ್ಟೆ ತುಂಬಿದ ನಮಗೆ ಸುಲಭ. 1894ರಲ್ಲಿ ಹುಗಳಿಯ ಸ್ತ್ರೀಯರ ಆಸ್ಪತ್ರೆಯಲ್ಲಿ ಕೆಲಸ ದೊರೆಯಿತು. ಅಂದಿನಿಂದ ಅಲ್ಲಿಯ ಬಾಣಂತಿಯರು ಅವರನ್ನು ಡಾಕ್ಟರೆಂದೇ ಅರಿತರು.