ಗೋಲಿಗೆ ನಿಲ್ಲುವವನು ಉಳಿದವನಲ್ಲ

ಶಾಲೆಯ ಬಯಲಿನಲ್ಲಿ ಸಂಜೆಯ ಆಟ ಆರಂಭವಾಗುವ ಹೊತ್ತನ್ನು ಓದುಗರು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಇಬ್ಬರು ನಾಯಕರು ಎದುರುಬದುರಾಗಿ ನಿಲ್ಲುತ್ತಾರೆ. ಒಬ್ಬೊಬ್ಬನನ್ನೇ ಹೆಸರು ಹಿಡಿದು ತಮ್ಮ ಕಡೆಗೆ ಕರೆದುಕೊಳ್ಳುತ್ತಾರೆ. ಓಡುವವನು ಮೊದಲು, ಗಟ್ಟಿಗ ಅನಂತರ, ಚೆಂಡು ತಂದವನು ಹೇಗೂ ಇರಲೇಬೇಕು. ಕೊನೆಗೆ ಒಬ್ಬ ಹುಡುಗ ಉಳಿಯುತ್ತಾನೆ. ತುಸು ದಪ್ಪನೆಯವನು, ಇಲ್ಲವೇ ತೀರ ಸಣಕಲ. ಓಡಿದರೆ ಏದುಸಿರು ಬಿಡುವವನು. ಅವನನ್ನು ಯಾರೂ ಕರೆಯುವುದಿಲ್ಲ. "ನೀನು ಗೋಲಿಗೆ ನಿಲ್ಲು" ಎಂದಷ್ಟೇ ಹೇಳುತ್ತಾರೆ.

ಇದನ್ನು ಬರೆಯುವ ನಾವೂ ಈ ತಪ್ಪಿಗೆ ಹೊರತಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಹುಡುಗರನ್ನು ಉಪಜಿಲ್ಲಾ ಪಂದ್ಯಕ್ಕೆ ಕರೆದೊಯ್ದಿದ್ದೆವು. ಗೋಲಿಗೆ ನಿಲ್ಲಲು ಯಾರೂ ಮುಂದೆ ಬಾರದಿದ್ದಾಗ ಒಂಬತ್ತನೆಯ ತರಗತಿಯ ಸಾಧು ಹುಡುಗನೊಬ್ಬನನ್ನು ಹೆಗಲು ಹಿಡಿದು ನಿಲ್ಲಿಸಿದೆವು. ಅವನಿಗೆ ಒಂದು ದಿನವಾದರೂ ಅಭ್ಯಾಸ ಕೊಟ್ಟಿರಲಿಲ್ಲ. ಮೂರು ಗೋಲುಗಳಾದವು. ಮೂರಕ್ಕೂ ಮೊದಲು ಚೆಂಡು ಕಳೆದುಕೊಂಡವರು ಮುಂದಿನ ಸಾಲಿನ ಹುಡುಗರೇ. ಆದರೆ ಬೈಗುಳ ತಿಂದವನು ಹಿಂದೆ ನಿಂತವನೊಬ್ಬ. ಹಿಂತಿರುಗುವ ಬಸ್ಸಿನಲ್ಲಿ, "ಎರಡು ಕೈ ಇದ್ದೂ ಹಿಡಿಯಲಿಕ್ಕೆ ಆಗಲಿಲ್ಲವಲ್ಲ ಮಾರಾಯ" ಎಂದು ನಾವೂ ಒಂದು ಮಾತು ಸೇರಿಸಿದೆವು. ಹುಡುಗರೆಲ್ಲ ನಕ್ಕರು. ಮರುದಿನದಿಂದ ಆ ಹುಡುಗ ಬಯಲಿಗೆ ಇಳಿಯಲಿಲ್ಲ. ಸಂಜೆಯ ಗಂಟೆ ಬಾರಿಸಿದೊಡನೆ ಚೀಲ ಹೆಗಲಿಗೇರಿಸಿ ಜಗಲಿಯ ಕಂಬದ ಬಳಿಯಿಂದಲೇ ಮನೆಗೆ ಹೋಗುತ್ತಿದ್ದ. ಹತ್ತನೆಯ ತರಗತಿ ಮುಗಿಸಿ ಶಾಲೆ ಬಿಡುವವರೆಗೂ ಹಾಗೆಯೇ ನಡೆಯಿತು. ಆ ಮಾತನ್ನು ಹಿಂದಕ್ಕೆ ಪಡೆಯುವ ಧೈರ್ಯ ನಮಗೂ ಬರಲಿಲ್ಲ.

ಇದು ಈಗ ನೆನಪಾಗಲು ಕಾರಣವುಂಟು. ಈಚಿನ ವರ್ಷಗಳಲ್ಲಿ ನಮ್ಮ ಪೇಟೆಗಳ ಬದಿಯಲ್ಲಿ 'ಟರ್ಫ್' ಎಂದು ಕರೆಯುವ ಹಸಿರು ಹಾಸಿನ ಆಟದ ಅಂಗಳಗಳು ಎದ್ದಿವೆ. ಹುಡುಗರು ಗಂಟೆಗೆ ಇಷ್ಟೆಂದು ಬಾಡಿಗೆ ಕೊಟ್ಟು, ರಾತ್ರಿ ದೀಪದ ಬೆಳಕಿನಲ್ಲಿ ಕಡೆಗೆ ಐದೈದು ಜನ ಸೇರಿ ಕಾಲ್ಚೆಂಡು ಆಡುತ್ತಾರೆ. ಮಲಬಾರಿನ ಸೆವೆನ್ಸ್ ಆಟವನ್ನು ಗದ್ದೆಯ ಅಂಚಿನಲ್ಲಿ ಕುಳಿತು ನೋಡಿ ಬೆಳೆದ ನಮ್ಮ ಜಿಲ್ಲೆಗೆ ಸಣ್ಣ ಬಯಲಿನ ಕಾಲ್ಚೆಂಡು ಹೊಸತೇನಲ್ಲ. ಆದರೆ ಐದು ಜನರ ಆಟಕ್ಕೆ ಜಗತ್ತಿನಲ್ಲಿ ಅದರದೇ ಆದ ಶಾಸ್ತ್ರವಿದೆ, ವಿಶ್ವಕಪ್ ಇದೆ, ಅದನ್ನೇ ನಂಬಿ ಬದುಕುವ ವೃತ್ತಿಗಾರರಿದ್ದಾರೆ. ಅದರ ಹೆಸರು ಫುಟ್ಸಲ್. ಅಲ್ಲಿ ಗೋಲಿಯ ಸ್ಥಾನ ಏನು ಎಂಬುದನ್ನು ನೋಡಿದರೆ ನಮ್ಮ ಶಾಲೆಯ ಬಯಲಿನ ರೂಢಿಗೆ ನಾಚಿಕೆಯಾಗುತ್ತದೆ.

ಈ ಆಟವನ್ನು ಕಟ್ಟಿದವರೂ ಒಬ್ಬ ಅಧ್ಯಾಪಕರೇ. 1930ರಲ್ಲಿ ಉರುಗ್ವೆಯ ರಾಜಧಾನಿ ಮೊಂಟೆವಿಡಿಯೊದಲ್ಲಿ ವೈ.ಎಂ.ಸಿ.ಎ. ಸಂಸ್ಥೆಯ ದೈಹಿಕ ಶಿಕ್ಷಣದ ಅಧ್ಯಾಪಕ ಹುವಾನ್ ಕಾರ್ಲೋಸ್ ಸೆರಿಯಾನಿ, ಮಕ್ಕಳು ಒಳಾಂಗಣದಲ್ಲಿಯೂ ಕಾಲ್ಚೆಂಡು ಆಡುವಂತಾಗಲೆಂದು ಇದನ್ನು ರೂಪಿಸಿದರು. ಬಾಸ್ಕೆಟ್‌ಬಾಲಿನಿಂದ ಐದು ಜನರ ತಂಡವನ್ನೂ ಹ್ಯಾಂಡ್‌ಬಾಲಿನಿಂದ ಗೋಲಿನ ಅಳತೆಯನ್ನೂ ಎತ್ತಿಕೊಂಡರು; ಗೋಲಿಯ ನಿಯಮಗಳಿಗೆ ವಾಟರ್ ಪೋಲೊ ಆಟದತ್ತ ನೋಡಿದರು. ಇಂದು ಅಂತಾರಾಷ್ಟ್ರೀಯ ಪಂದ್ಯದ ಅಂಗಳ ಸುಮಾರು 40 ಮೀಟರ್ ಉದ್ದ, 20 ಮೀಟರ್ ಅಗಲ. ಗೋಲು 3 ಮೀಟರ್ ಅಗಲ, 2 ಮೀಟರ್ ಎತ್ತರ. ಇಪ್ಪತ್ತಿಪ್ಪತ್ತು ನಿಮಿಷಗಳ ಎರಡು ಭಾಗಗಳು. ಚೆಂಡು ಹೊರಹೋದೊಡನೆ ಗಡಿಯಾರ ನಿಲ್ಲುತ್ತದೆ. 1989ರಲ್ಲಿ ನೆದರ್ಲೆಂಡ್ಸಿನಲ್ಲಿ ಫಿಫಾ ಇದರ ಮೊದಲ ವಿಶ್ವಕಪ್ಪನ್ನು ನಡೆಸಿತು.

ಗೋಲು ಚಿಕ್ಕದಾದ ಮೇಲೆ ಕಾಯುವುದು ಸುಲಭವಲ್ಲವೇ ಎಂದು ಕೇಳಬಹುದು. ಸುಲಭವಲ್ಲ. ದೊಡ್ಡ ಬಯಲಿನಲ್ಲಿ ಇಪ್ಪತ್ತೈದು ಮೀಟರ್ ದೂರದಿಂದ ಬರುವ ಒದೆತ ಇಲ್ಲಿ ಆರು ಮೀಟರಿನಿಂದ ಬರುತ್ತದೆ. ಚೆಂಡಿನ ಗಾತ್ರ ಚಿಕ್ಕದು, ತೂಕ ಮಾತ್ರ 400ರಿಂದ 440 ಗ್ರಾಂ. ದೊಡ್ಡ ಚೆಂಡಿಗಿಂತ ಹೆಚ್ಚೇನೂ ಕಡಿಮೆಯಲ್ಲ. ಅದು ಪುಟಿಯುವುದೂ ಕಡಿಮೆ. ನೋಡಿ ಹಾರಲು ಸಮಯವಿಲ್ಲದ ಕಾರಣ ಗೋಲಿ ಮುಂದೆ ಬಂದು, ಒಂದು ಮೊಣಕಾಲು ನೆಲಕ್ಕಿಟ್ಟು, ಕೈಗಳನ್ನು ಚಾಚಿ, ಮೈಯನ್ನೇ ಬಾಗಿಲಾಗಿ ಮಾಡಿಕೊಳ್ಳಬೇಕು. ಎದೆಗೆ, ತೊಡೆಗೆ, ಕೆಲವೊಮ್ಮೆ ಮುಖಕ್ಕೇ ಚೆಂಡು ಬಡಿಯುತ್ತದೆ. ಹಿಡಿದ ಚೆಂಡನ್ನು ತನ್ನ ಅರ್ಧದಲ್ಲಿ ನಾಲ್ಕು ಸೆಕೆಂಡಿಗಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ಮೈ ಗಟ್ಟಿಯಿದ್ದರೆ ಸಾಲದು, ಕ್ಷಣದಲ್ಲಿ ನಿರ್ಧರಿಸುವ ಬುದ್ಧಿಯೂ ಬೇಕು. ಮಂದನೆಂದು ಹೆಸರಾದವನಿಗೆ ವಹಿಸುವ ಕೆಲಸವೇ ಇದು?

ಈ ಕಲೆಯನ್ನು ತಿರುವಿಹಾಕಿದ ಒಬ್ಬ ವೃತ್ತಿಗಾರನ ಬದುಕನ್ನು ಓದುಗರ ಮುಂದಿಡುತ್ತೇವೆ. ಲಿಯೊನಾರ್ಡೊ ಡಿ ಮೆಲೊ ವಿಯೇರಾ ಲೇಟೆ 1986ರ ಜೂನ್ 6ರಂದು ಬ್ರೆಜಿಲಿನ ರಿಯೊ ಡಿ ಜನೈರೊದಲ್ಲಿ ಹುಟ್ಟಿದವರು. ಅಷ್ಟುದ್ದದ ಹೆಸರಿನಿಂದ ಅವರನ್ನು ಯಾರೂ ಕರೆಯುವುದಿಲ್ಲ. ಜಗತ್ತಿಗೆ ಅವರು ಹಿಗೀಟಾ. ಗೋಲು ಬಿಟ್ಟು ಮುಂದೆ ಬಂದು ಆಡುತ್ತಿದ್ದ ಕೊಲಂಬಿಯಾದ ಪ್ರಸಿದ್ಧ ಗೋಲ್‌ಕೀಪರ್ ರೆನೆ ಹಿಗೀಟಾ ಅವರಿಂದ ಬಂದ ಅಡ್ಡಹೆಸರು ಅದು. ಫುಟ್ಸಲ್‌ನಲ್ಲಿ ಬ್ರೆಜಿಲಿನಷ್ಟು ಸಲ ವಿಶ್ವಕಪ್ ಗೆದ್ದ ದೇಶ ಬೇರೊಂದಿಲ್ಲ. ಒಳ್ಳೆಯ ಆಟಗಾರರೂ ಅಲ್ಲಿ ಗುಂಪುಗುಂಪಾಗಿದ್ದಾರೆ. ಹೊಟ್ಟೆಪಾಡಿಗಾಗಿ ಅವರಲ್ಲಿ ಅನೇಕರು ಪರದೇಶಗಳ ಕ್ಲಬ್ಬುಗಳನ್ನು ಸೇರುತ್ತಾರೆ. ಹಿಗೀಟಾ 2011ರಲ್ಲಿ ಸೇರಿದ್ದು ಕಝಾಕಿಸ್ತಾನದ ಅಲ್ಮಾಟಿ ನಗರದ ಕೈರಾತ್ ಕ್ಲಬ್ಬನ್ನು. ಸಮುದ್ರತೀರದ ಸೆಖೆಯಲ್ಲಿ ಬೆಳೆದವರು ಹಿಮ ಬೀಳುವ ಊರಿಗೆ ಹೋದರು. ಆಡುಮಾತು ಪೋರ್ಚುಗೀಸ್, ಹೋದಲ್ಲಿ ಕಝಾಕ್ ಮತ್ತು ರಷ್ಯನ್. ಮನೆಯೊಳಗೆ ಒಂದು ಭಾಷೆ, ಹೊಸ್ತಿಲು ದಾಟಿದರೆ ಇನ್ನೊಂದು ಎಂಬ ಬಾಳುವೆ ಏನೆಂದು ನಮ್ಮ ಓದುಗರಿಗೆ ವಿವರಿಸಬೇಕಾಗಿಲ್ಲ.

ಅಲ್ಲಿ ಅವರಿಗೆ ದೊರೆತ ತರಬೇತುದಾರ ಕಕಾವು, ಅವರೂ ಬ್ರೆಜಿಲಿನವರು. 2013ರಲ್ಲಿ ಟಿಬಿಲಿಸಿಯಲ್ಲಿ ನಡೆದ ಯುರೋಪಿನ ಕ್ಲಬ್ ಕಪ್ಪಿನ ಫೈನಲಿನಲ್ಲಿ ಕೈರಾತ್, ಡೈನಮೊ ಮಾಸ್ಕೊ ತಂಡವನ್ನು 4-3ರಿಂದ ಸೋಲಿಸಿತು. 2015ರಲ್ಲಿ ಲಿಸ್ಬನ್ನಿನಲ್ಲಿ ಬಾರ್ಸಿಲೋನಾವನ್ನು 3-2ರಿಂದ ಸೋಲಿಸಿ ಅದೇ ಕಪ್ಪನ್ನು ಎರಡನೆಯ ಬಾರಿಗೆ ಎತ್ತಿತು. ಕಝಾಕಿಸ್ತಾನದ ಪೌರತ್ವ ಪಡೆದ ಹಿಗೀಟಾ ಆ ದೇಶದ ಗೋಲನ್ನೂ ಕಾದರು. 2016ರಲ್ಲಿ ಬೆಲ್‌ಗ್ರೇಡಿನಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಅಂತಿಮ ಸುತ್ತಿಗೆ ಕಝಾಕಿಸ್ತಾನ ಮೊದಲ ಬಾರಿಗೆ ಬಂದಿತ್ತು. ಬಂದ ಸಲವೇ ಹಿಂದಿನ ಚಾಂಪಿಯನ್ ಇಟಲಿಯನ್ನು ಮನೆಗೆ ಕಳುಹಿಸಿ, ಕೊನೆಗೆ ಆತಿಥೇಯ ಸರ್ಬಿಯಾವನ್ನು ಸೋಲಿಸಿ ಕಂಚಿನ ಪದಕ ಗಳಿಸಿತು. 2021ರಲ್ಲಿ ಲಿಥುವೇನಿಯಾದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಸೆಮಿಫೈನಲ್ ತಲುಪಿ, ಆಟ ಸಮವಾದ ಮೇಲೆ ಪೋರ್ಚುಗಲಿಗೆ ಪೆನಾಲ್ಟಿ ಒದೆತಗಳಲ್ಲಷ್ಟೇ ಸೋತಿತು. ಆ ಸಲ ವಿಶ್ವಕಪ್ ಗೆದ್ದದ್ದೂ ಪೋರ್ಚುಗಲ್. ಹಿಗೀಟಾ ಜಗತ್ತಿನ ಶ್ರೇಷ್ಠ ಫುಟ್ಸಲ್ ಗೋಲ್‌ಕೀಪರ್ ಎಂಬ ಮನ್ನಣೆಯನ್ನು ಒಂದಕ್ಕಿಂತ ಹೆಚ್ಚು ಸಲ ಪಡೆದಿದ್ದಾರೆ.

ಆದರೆ ನಾವು ಅವರನ್ನು ನೆನೆಯುವುದು ಪದಕಗಳಿಗಾಗಿ ಅಲ್ಲ. ಅವರು ಮಾಡಿದ ಒಂದು ಲೆಕ್ಕಕ್ಕಾಗಿ. ತಂಡದಲ್ಲಿ ಐವರು. ಎರಡೂ ಕಡೆಯ ಗೋಲಿಗಳು ಗೋಲಿನಲ್ಲೇ ನಿಂತರೆ ನಡುವೆ ನಾಲ್ವರಿಗೆ ನಾಲ್ವರು. ಒಂದು ಕಡೆಯ ಗೋಲಿ ಚೆಂಡು ಹಿಡಿದು ಮುಂದೆ ಬಂದರೆ ಐವರಿಗೆ ನಾಲ್ವರು. ಎಲ್ಲೋ ಒಬ್ಬ ಒಂಟಿಯಾಗಿ ಬಿಡುವಾಗಿರಲೇಬೇಕು. ಅವನನ್ನು ಕಂಡುಹಿಡಿದು ಚೆಂಡು ಕೊಟ್ಟರಾಯಿತು. ಸೋಲುತ್ತಿರುವ ತಂಡಗಳು ಕೊನೆಯ ನಿಮಿಷಗಳಲ್ಲಿ ಗೋಲಿಯನ್ನು ಹೊರಗೆ ಕರೆದು, ಓಡಬಲ್ಲ ಇನ್ನೊಬ್ಬನಿಗೆ ಗೋಲಿಯ ಅಂಗಿ ತೊಡಿಸಿ ಈ ಉಪಾಯ ಹೂಡುವುದು ಹಿಂದಿನಿಂದಲೂ ಇತ್ತು. ಹಿಗೀಟಾ ಅವರಿಗೆ ಯಾರನ್ನೂ ಬದಲಿಸಬೇಕಾಗಿರಲಿಲ್ಲ. ಆಟದ ಯಾವ ಗಳಿಗೆಯಲ್ಲೂ ಅವರೇ ಮುಂದೆ ಬರುತ್ತಿದ್ದರು. ನಿಯಮದ ಒಂದು ಸಂದನ್ನು ಅವರು ಚೆನ್ನಾಗಿ ಅರಿತಿದ್ದರು. ಒಮ್ಮೆ ಬಿಟ್ಟುಕೊಟ್ಟ ಚೆಂಡನ್ನು ಎದುರಾಳಿ ಮುಟ್ಟುವ ಮೊದಲು ಜೊತೆಗಾರ ಹಿಂದಕ್ಕೆ ಕೊಟ್ಟರೆ, ಗೋಲಿ ತನ್ನ ಅರ್ಧದಲ್ಲಿ ಅದನ್ನು ಮುಟ್ಟುವಂತಿಲ್ಲ. ಎದುರಾಳಿಯ ಅರ್ಧದಲ್ಲಿ ನಿಂತಿದ್ದರೆ ಆ ಕಟ್ಟುಪಾಡಿಲ್ಲ, ನಾಲ್ಕು ಸೆಕೆಂಡಿನ ಮಿತಿಯೂ ಇಲ್ಲ. ಹಾಗಾಗಿ ಅವರು ನಡುಗೆರೆ ದಾಟಿ ನಿಂತು, ಚೆಂಡು ಹಂಚುತ್ತಾ, ಅವಕಾಶ ಕಂಡಾಗ ತಾವೇ ಗೋಲಿಗೆ ಒದೆಯುತ್ತಿದ್ದರು.

ಮನೆಯ ಬಾಗಿಲು ತೆರೆದಿಟ್ಟು ಯಜಮಾನ ಸಂತೆಗೆ ಹೋದರೆ ಗತಿಯೇನು ಎಂದು ಹಿರಿಯರು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದೇ. 1990ರ ವಿಶ್ವಕಪ್ ಕಾಲ್ಚೆಂಡಿನಲ್ಲಿ ಮೂಲ ಹಿಗೀಟಾ, ಅಂದರೆ ರೆನೆ ಹಿಗೀಟಾ, ಗೋಲಿನಿಂದ ಬಹುದೂರ ಬಂದು ಚೆಂಡನ್ನು ಆಡಿಸಲು ಹೋಗಿ ಕ್ಯಾಮರೂನಿನ ರೋಜರ್ ಮಿಲ್ಲಾ ಅವರಿಗೆ ಕಳೆದುಕೊಂಡರು. ಮಿಲ್ಲಾ ಬರಿದಾದ ಗೋಲಿಗೆ ಚೆಂಡನ್ನು ತಳ್ಳಿದರು. ಕೊಲಂಬಿಯಾ 2-1ರಿಂದ ಸೋತು ಹೊರಬಿತ್ತು. ಫುಟ್ಸಲ್ ಅಂಗಳದಲ್ಲೂ ಚೆಂಡು ಕೈತಪ್ಪಿದರೆ ಅದೇ ಶಿಕ್ಷೆ. ಅಲ್ಲಿ ಅದು ಇನ್ನೂ ಬೇಗ ಬರುತ್ತದೆ. ಇಷ್ಟಿದ್ದರೂ ಹಿಗೀಟಾ ವರ್ಷಗಟ್ಟಲೆ ಹಾಗೆಯೇ ಆಡಬಲ್ಲವರಾದದ್ದು ಹೇಗೆ? ದಿನದಿನದ ಅಭ್ಯಾಸ ಒಂದು ಕಾರಣ. ಇನ್ನೊಂದು, ಹಿಂದಿನ ಗೋಲು ತೆರೆದಿದೆಯೆಂದು ತಿಳಿದೇ ಉಳಿದ ನಾಲ್ವರು ಆಡುತ್ತಿದ್ದರು. ಚೆಂಡು ತಪ್ಪಿದರೆ ಹಿಂದಕ್ಕೋಡುವುದು ಅವರೆಲ್ಲರ ಹೊಣೆಯಾಗಿತ್ತು. ಗೋಲಾದರೆ ಅದು ಐವರ ಲೆಕ್ಕಕ್ಕೆ ಬೀಳುತ್ತಿತ್ತು, ಒಬ್ಬನ ತಲೆಗೆ ಕಟ್ಟುವಂತಿರಲಿಲ್ಲ. ನಮ್ಮ ಬಸ್ಸಿನಲ್ಲಿ ಅಂದು ಇಲ್ಲದೇ ಹೋದದ್ದು ಇದೇ.

ಹಾಗಾದರೆ ಮಕ್ಕಳನ್ನು ಓದು ಬಿಡಿಸಿ ಗೋಲಿಗಳನ್ನಾಗಿ ಮಾಡಬೇಕೇ ಎಂದು ರಕ್ಷಕರು ಗಾಬರಿಪಡಬೇಕಾಗಿಲ್ಲ. ಸತ್ಯವನ್ನು ಮರೆಮಾಚುವುದು ಅಧ್ಯಾಪಕರಿಗೆ ತಕ್ಕುದಲ್ಲ. ಫುಟ್ಸಲ್ ನಮ್ಮ ದೇಶದಲ್ಲಿ ಇನ್ನೂ ಅಂಬೆಗಾಲಿಡುತ್ತಿದೆ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಕ್ಲಬ್ಬುಗಳ ರಾಷ್ಟ್ರೀಯ ಫುಟ್ಸಲ್ ಪಂದ್ಯಾವಳಿಯನ್ನು ಆರಂಭಿಸಿದ್ದು 2021ರಲ್ಲಿ. ಭಾರತ ತಂಡ ಏಷ್ಯಾ ಕಪ್ಪಿನ ಅರ್ಹತಾ ಸುತ್ತಿನಲ್ಲಿ ಮೊದಲ ಸಲ ಆಡಿದ್ದು 2023ರಲ್ಲಿ. ಆಟದಿಂದಲೇ ಅನ್ನ ದುಡಿಯಬೇಕಾದರೆ ವರ್ಷವಿಡೀ ನಡೆಯುವ ಲೀಗ್ ಬೇಕು, ಸಂಬಳ ಕೊಡುವ ಕ್ಲಬ್ ಬೇಕು. ಇವು ಇರುವ ಬ್ರೆಜಿಲಿನಂತಹ ದೇಶದವರೇ ದೂರದ ಅಲ್ಮಾಟಿಗೆ ಹೋಗಬೇಕಾಯಿತು ಎಂಬುದನ್ನು ಮರೆಯಬಾರದು. ಲಕ್ಷಕ್ಕೊಬ್ಬನಿಗೆ ಒದಗುವ ಭಾಗ್ಯವನ್ನು ತೋರಿಸಿ ಎಲ್ಲ ಮಕ್ಕಳಿಗೂ ಆಸೆ ಹುಟ್ಟಿಸುವುದು ಸರಿಯಲ್ಲ.

ನಮ್ಮ ಬೇಡಿಕೆ ಅದಕ್ಕಿಂತ ಚಿಕ್ಕದು, ನಾಳೆಯೇ ಮಾಡಬಹುದಾದದ್ದು. ಮೊದಲನೆಯದಾಗಿ, ಗೋಲಿಗೆ ನಿಲ್ಲಿಸುವುದನ್ನು ಶಿಕ್ಷೆಯಾಗಿ ಬಳಸುವುದನ್ನು ಬಿಡೋಣ. ಎರಡನೆಯದಾಗಿ, ಕೆಳಗಿನ ತರಗತಿಗಳಲ್ಲಿ ಎಲ್ಲ ಮಕ್ಕಳೂ ಸರದಿಯಂತೆ ಗೋಲಿಗೆ ನಿಲ್ಲಲಿ, ಗೋಲಿಯಾದವನೂ ಸರದಿಯಂತೆ ಮುಂದೆ ಆಡಲಿ. ಮುಂದೆ ನಿಂತು ಮೆರೆಯುವ ಹುಡುಗ ಒಂದು ದಿನ ಹಿಂದೆ ನಿಂತು ಚೆಂಡನ್ನು ಎದೆಯಲ್ಲಿ ತಡೆದು ನೋಡಲಿ. ಬೈಯುವ ನಾಲಿಗೆ ತಾನಾಗಿ ಹಿಡಿತಕ್ಕೆ ಬರುತ್ತದೆ. ಮೂರನೆಯದಾಗಿ, ಪಂದ್ಯ ಸೋತ ದಿನ ಅಧ್ಯಾಪಕರಾಗಲಿ ಹೆತ್ತವರಾಗಲಿ ಗೋಲಿಯ ಹೆಸರನ್ನು ಮೊದಲು ಎತ್ತದಿರೋಣ. ಚೆಂಡು ಅವನ ಬಳಿಗೆ ಬರುವ ಮುನ್ನ ಉಳಿದ ನಾಲ್ವರನ್ನು ದಾಟಿ ಬಂದಿರುತ್ತದೆ. ಇದಕ್ಕೆ ಸರಕಾರದ ಆಜ್ಞೆ ಬೇಕಾಗಿಲ್ಲ, ರಕ್ಷಕ-ಶಿಕ್ಷಕ ಸಂಘದ ನಿಧಿಯೂ ಬೇಕಾಗಿಲ್ಲ.

ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ನಮ್ಮ ಬಯಲಿನಲ್ಲಿ ನಾವು ಇದನ್ನು ಆರಂಭಿಸಲಿದ್ದೇವೆ. ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಪೇಟೆಯಲ್ಲಿ ಒಮ್ಮೊಮ್ಮೆ ಎದುರಾಗುತ್ತಾನೆ. "ನಮಸ್ಕಾರ ಮಾಷ್ಟ್ರೇ" ಎಂದು ವಿನಯದಿಂದ ಹೇಳಿ ಮುಂದೆ ಹೋಗುತ್ತಾನೆ. ಮುಂದಿನ ಸಲ ಅವನನ್ನು ನಿಲ್ಲಿಸಿ, ಅಂದಿನ ಮೂರು ಗೋಲುಗಳಲ್ಲಿ ಒಂದು ನಮ್ಮದು ಎಂದು ಹೇಳಬೇಕೆಂದಿದ್ದೇವೆ.