ಕೊಡುಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಮುಕ್ತ ತಂತ್ರಾಂಶವೆಂದರೆ ಹಣ ಕೊಡದೆ ಸಿಗುವ ತಂತ್ರಾಂಶ ಎಂಬ ಭಾವನೆ ನಮ್ಮಲ್ಲಿ, ಸರ್ಕಾರಿ ಕಚೇರಿಗಳಲ್ಲಿ ಕೂಡ, ಬಲವಾಗಿದೆ. ಬೆಲೆಗಿಂತ ಮುಖ್ಯವಾದುದು ಹಕ್ಕು. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರು ನೆಲೆನಿಂತ ಸಿಂಧನೂರು ತಾಲ್ಲೂಕಿನ ಆರ್.ಎಚ್. ಕ್ಯಾಂಪಿನ ಎಂಜಿನಿಯರಿಂಗ್ ಪದವೀಧರನೊಬ್ಬ ಈಚೆಗೆ ಒಂದು ಕರಾರು ಪತ್ರ ತಂದು ನನ್ನ ಮುಂದಿಟ್ಟ. (ಕಾಗದಪತ್ರದ ಬೆಲೆ ಏನೆಂದು ಆ ಊರಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.) ಮುಕ್ತ ತಂತ್ರಾಂಶವೊಂದರಲ್ಲಿ ಕನ್ನಡದ ಒತ್ತಕ್ಷರಗಳು ಒಡೆದು ಕಾಣುತ್ತಿದ್ದುದನ್ನು ಆತ ಸರಿಪಡಿಸಿದ್ದ. ಆ ತಿದ್ದುಪಡಿಯನ್ನು ಯಾರಿಗೆ ಬೇಕಾದರೂ, ಯಾವ ಷರತ್ತಿನ ಮೇಲೆ ಬೇಕಾದರೂ ನೀಡುವ ಶಾಶ್ವತ ಅಧಿಕಾರ ಕಂಪನಿಗೆ ಸೇರತಕ್ಕದ್ದು ಎಂಬುದು ಪತ್ರದ ಸಾರ. ಕ್ರಯಪತ್ರ, ದಾನಪತ್ರಗಳನ್ನು ಓದುತ್ತಲೇ ಸೇವಾವಧಿ ಕಳೆದ ನನಗೆ ಅದರ ಭಾಷೆ ಅಪರಿಚಿತವೆನಿಸಲಿಲ್ಲ.

ಇದು ಎರಡು ಪರವಾನಗಿಗಳ ವ್ಯಾಪಾರ. ಕಂಪನಿ ತನ್ನ ತಂತ್ರಾಂಶವನ್ನು ಜಿಪಿಎಲ್‌ನಂತಹ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಡುತ್ತದೆ. ಅದನ್ನು ತಮ್ಮ ಉತ್ಪನ್ನದಲ್ಲಿ ಬೆರೆಸಿ ಹಂಚುವವರು ತಮ್ಮ ಸೋರ್ಸ್ ಕೋಡನ್ನೂ ಬಹಿರಂಗಪಡಿಸಬೇಕು. ಒಲ್ಲದವರು ಹಣ ತೆತ್ತು ವಾಣಿಜ್ಯ ಪರವಾನಗಿ ಪಡೆಯುತ್ತಾರೆ. ಗೋಪ್ಯತೆ ಬಯಸುವವರಿಂದ ಬೆಲೆ ಪಡೆದು ಸಾರ್ವಜನಿಕ ಸೊತ್ತನ್ನು ಪೋಷಿಸುವ ಈ ಏರ್ಪಾಡನ್ನು ಅರ್ಥಶಾಸ್ತ್ರ ಓದಿದವನಾಗಿ ನಾನು ಮೆಚ್ಚುತ್ತೇನೆ. ತೊಡಕಿರುವುದು ಬೇರೆಡೆ. ಹೊರಗಿನವರು ಬರೆದ ಕೋಡನ್ನೂ ಮಾರಬೇಕಾದರೆ ಅದರ ಮೇಲೆ ಅಂಥ ಅಧಿಕಾರ ಬೇಕು. ಆ ಸಹಿ ಅದಕ್ಕಾಗಿ. ಸರ್ಕಾರ ಜಮೀನು ಮಂಜೂರು ಮಾಡುವಾಗ ಪರಭಾರೆ ಕೂಡದೆಂಬ ಷರತ್ತನ್ನು ಪಡೆಯುವವನ ಮೇಲೆ ವಿಧಿಸುವುದುಂಟು. ಇಲ್ಲಿ ಪಡೆಯುವವನಿಗೆ ಯಾವ ಷರತ್ತೂ ಇಲ್ಲ. ಮುಂದಿನ ಆವೃತ್ತಿಗಳಿಗೆ ಆತ ಬೀಗ ಹಾಕಬಹುದು, ಕಂಪನಿಯನ್ನೇ ಮಾರಲೂಬಹುದು.

ಹಾಗೆ ಆಗಿಯೂ ಇದೆ. ಈ ಪದ್ಧತಿಗೆ ಹೆಸರಾಗಿದ್ದ ಸ್ವೀಡನ್ನಿನ ಮೈಎಸ್‌ಕ್ಯುಎಲ್ 2008ರಲ್ಲಿ ಸುಮಾರು 100 ಕೋಟಿ ಡಾಲರಿಗೆ ಸನ್ ಕಂಪನಿಯ ವಶವಾಯಿತು. 2010ರಲ್ಲಿ ಸನ್ ಕಂಪನಿಯೇ ಒರೇಕಲ್ ಪಾಲಾಗಿ, ಅದುವರೆಗೆ ಪ್ರತಿಸ್ಪರ್ಧಿಯಾಗಿದ್ದ ಸಂಸ್ಥೆಯ ಕೈಗೆ ಹಕ್ಕು ಸೇರಿತು. 2023ರಲ್ಲಿ ಹ್ಯಾಶಿಕಾರ್ಪ್ ತನ್ನ ಟೆರಾಫಾರ್ಮ್‌ಗಿದ್ದ ಮೊಜಿಲ್ಲಾ ಪರವಾನಗಿಯನ್ನು ಮುಂದಿನ ಆವೃತ್ತಿಗಳಿಗೆ ಕೈಬಿಟ್ಟು, ಪೈಪೋಟಿದಾರರ ಬಳಕೆಯನ್ನು ನಿರ್ಬಂಧಿಸಿತು. ಹಳೆಯ ಆವೃತ್ತಿ ಮುಕ್ತವಾಗಿಯೇ ಉಳಿಯುತ್ತದೆಂಬುದು ನಿಜ. ಆದರೆ ಅದನ್ನು ಮುಂದುವರಿಸುವ ಹೊರೆ ಸಮುದಾಯದ ಹೆಗಲಿಗೇರುತ್ತದೆ. ದೊಡ್ಡ ಕಂಪನಿಗಳು ಬಳಸುವ ತಂತ್ರಾಂಶಕ್ಕೆ ಹೆಗಲು ಕೊಡುವವರು ಸಿಕ್ಕಾರು. ಕನ್ನಡದ ಒತ್ತಕ್ಷರಕ್ಕೆ ಯಾರು?

ಎರಡು ಪರವಾನಗಿ ಎಂದೊಡನೆ ಅನ್ಯಾಯವೆಂದೇನೂ ಅಲ್ಲ. 2009ರಿಂದ ವಿಕಿಪೀಡಿಯದಲ್ಲಿ, ಕನ್ನಡ ವಿಕಿಪೀಡಿಯವೂ ಸೇರಿದಂತೆ, ಸ್ವಯಂಸೇವಕರು ಬರೆದ ಪಠ್ಯ ಕ್ರಿಯೇಟಿವ್ ಕಾಮನ್ಸ್ ಮತ್ತು ಗ್ನೂ ಎಂಬ ಎರಡು ಪರವಾನಗಿಗಳಡಿ ದೊರೆಯುತ್ತದೆ. ಎರಡೂ ಎಲ್ಲರಿಗೂ ಸಮಾನ, ಕೃತಿಸ್ವಾಮ್ಯ ಬರೆದವರದೇ. ವ್ಯಾಪಾರದಲ್ಲೂ ಮಾದರಿಯುಂಟು. ನಾರ್ವೆಯ ಟ್ರೋಲ್‌ಟೆಕ್ ತನ್ನ ಕ್ಯೂಟಿ ತಂತ್ರಾಂಶಕ್ಕಾಗಿ 1998ರಲ್ಲಿ ಕೆಡಿಇ ಸಮುದಾಯದೊಡನೆ ಒಂದು ಪ್ರತಿಷ್ಠಾನ ರಚಿಸಿತು. ಮುಕ್ತ ಆವೃತ್ತಿ ನಿಂತುಹೋದರೆ ಕೋಡನ್ನು ಇನ್ನೂ ಉದಾರ ಪರವಾನಗಿಯಡಿ ಹೊರತರುವ ಅಧಿಕಾರ ಅದಕ್ಕಿದೆ. ಕ್ಯೂಟಿ ಬಳಿಕ ನೋಕಿಯಾ, ಡಿಜಿಯಾ ಕೈಗಳನ್ನು ದಾಟಿದರೂ ಆ ಒಪ್ಪಂದ ಉಳಿದುಬಂದಿದೆ.

ನಮ್ಮ ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಆರಂಭವಾದ, ಫಿಲಿಪ್ಪೀನ್ಸ್ ಮತ್ತು ಮೊರಾಕ್ಕೊ ದೇಶಗಳು ಗುರುತಿನ ವ್ಯವಸ್ಥೆಗೆ ಆರಿಸಿಕೊಂಡ ಮೋಸಿಪ್ ತಂತ್ರಾಂಶವೂ ಮೊಜಿಲ್ಲಾ ಪರವಾನಗಿಯದೇ. ಆದರೆ ಟೆರಾಫಾರ್ಮ್ ಪ್ರಕರಣ ತೋರಿಸುವಂತೆ, ಪರವಾನಗಿಯ ಹೆಸರು ನೋಡಿ ನಿಶ್ಚಿಂತರಾಗುವಂತಿಲ್ಲ. ಅದನ್ನು ಬದಲಿಸುವ ಅಧಿಕಾರ ಯಾರಲ್ಲಿದೆ ಎಂದು ಕೇಳಬೇಕು. ಸರ್ಕಾರಿ ಕಾರ್ಯಗಳಿಗೆ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು ಕೇಂದ್ರ ಸರ್ಕಾರ 2015ರಲ್ಲೇ ಪ್ರಕಟಿಸಿತು. ರಾಜ್ಯ ಸರ್ಕಾರ ಒಂದು ಹೆಜ್ಜೆ ಮುಂದೆ ಹೋಗಬೇಕು. ಸಾರ್ವಜನಿಕ ಹಣದಿಂದಾಗಲಿ ಸ್ವಯಂಸೇವಕರ ದುಡಿಮೆಯಿಂದಾಗಲಿ ಸೇರಿದ ಕೋಡನ್ನು ಕಂಪನಿ ವಾಣಿಜ್ಯ ಪರವಾನಗಿಯಡಿ ಮಾರಲಿ. ಆದರೆ ಅದೇ ಕೋಡು, ಅದನ್ನು ಒಳಗೊಂಡ ಮುಂದಿನ ಪ್ರತಿ ಆವೃತ್ತಿಯೊಡನೆ, ಮುಕ್ತ ಪರವಾನಗಿಯಲ್ಲೂ ದೊರೆಯತಕ್ಕದ್ದು, ಕಂಪನಿ ಕೈ ಬದಲಾದರೂ ಈ ಷರತ್ತು ಕೊಂಡವರನ್ನು ಕಟ್ಟಿಹಾಕತಕ್ಕದ್ದು. ಟೆಂಡರ್ ದಾಖಲೆಗೆ ಇಷ್ಟನ್ನು ಸೇರಿಸಲು ಹೊಸ ಶಾಸನ ಬೇಕಿಲ್ಲ, ಒಂದು ಆಡಳಿತಾತ್ಮಕ ಆದೇಶ ಸಾಕು.